ಕೊಡಲಿ ಹತ್ತದ ಗುಡ್ಡ

ಹುಲಿಹೈದರದಿಂದ ಒಂದು ಹರದಾರಿ ಆಚೆ, ಡಾಂಬರು ರಸ್ತೆ ಮುಗಿದ ಮೇಲೂ ಇನ್ನಷ್ಟು ನಡೆದರೆ ಸೋಮನಕಟ್ಟಿ ಸಿಗುತ್ತದೆ. ಊರ ಬೆನ್ನಿಗೇ ಕರೇಗುಡ್ಡ. ಕಾಸೀಮಬೀ ಆ ಊರಿಗೆ ಸೊಸೆಯಾಗಿ ಬಂದಾಗ ಗುಡ್ಡದ ಮೇಲೆ ಬಂಡೆ ಬಿಟ್ಟರೆ ಏನೂ ಇರಲಿಲ್ಲ. ಬೇಸಿಗೆಯಲ್ಲಿ ಅದರ ಕಾವು ಊರೊಳಗೆ ಇಳಿದು ಸಂಜೆಯಾದರೂ ಗೋಡೆಗಳು ಸುಡುತ್ತಿದ್ದವು. ಒಲೆಗೆ ನಾಲ್ಕು ಪುಳ್ಳೆ ಬೇಕೆಂದರೂ ಹೆಂಗಸರು ನಸುಕಿನಲ್ಲೆದ್ದು ಎರಡು ಹರದಾರಿ ನಡೆಯಬೇಕಿತ್ತು. ಆ ನಡಿಗೆಯಲ್ಲೇ ಕರಿಯವ್ವ ಅವಳಿಗೆ ಗೆಳತಿಯಾದಳು. ಕರಿಯವ್ವ ಆಡು ಸಾಕಿದವಳು, ಅವಳಿಗಿಂತ ಏಳೆಂಟು ವರ್ಷ ಹಿರಿಯಳು, ಮಾತು ಒರಟು. ಹೊಸ ಸೊಸೆಯ ಹೊರೆ ಭಾರವಾದರೆ ಅರ್ಧ ಬಿಚ್ಚಿ ತನ್ನ ಹೊರೆಗೆ ಕಟ್ಟಿಕೊಳ್ಳುತ್ತಿದ್ದಳು. ಅದಕ್ಕೆ ಪ್ರತಿಯಾಗಿ ಏನೂ ಕೇಳುತ್ತಿರಲಿಲ್ಲ, ಬೈಗುಳ ಮಾತ್ರ ಬಿಡುತ್ತಿರಲಿಲ್ಲ.

ಈಗ್ಗೆ ಇಪ್ಪತ್ತೈದು ವರ್ಷಗಳ ಹಿಂದೆ ಅರಣ್ಯ ಇಲಾಖೆಯವರು ಬಂದು, ಗುಡ್ಡವನ್ನು ನೀವೇ ಕಾದು ನೀವೇ ಉಣ್ಣಿರಿ, ಅದಕ್ಕೊಂದು ಸಮಿತಿ ಮಾಡಿಕೊಳ್ಳಿರಿ ಎಂದರು. ಊರಿನ ಈಶಪ್ಪ ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಹತ್ತೆಕರೆ ಬೆದ್ದಲು ಹೊಲದ ಒಕ್ಕಲಿಗ, ನಾಲ್ಕು ಜನ ಮಾತು ಕೇಳುವಂಥವ. ಶನಿವಾರ ಹನುಮಪ್ಪನ ಕಟ್ಟೆಯ ಮೇಲೆ ಊರು ಕೂಡಿತು. ಗುಡ್ಡಕ್ಕೆ ಕೊಡಲಿ ಹತ್ತಬಾರದು. ಸೋಮವಾರಕ್ಕೊಮ್ಮೆ ಮನೆಗೊಂದು ಹೊರೆ ಒಣಕಟ್ಟಿಗೆ. ಮಳೆ ಬಿದ್ದಾಗಿನಿಂದ ಹುಲ್ಲು ಕೊಯ್ಯುವವರೆಗೆ ಆಡು ಕುರಿ ಒಳಗೆ ಬಿಡಬಾರದು. ದಸರೆ ಆದ ಮೇಲೆ ಎಲ್ಲರೂ ಕೂಡಿ ಕೊಯ್ದು ಮನೆಮನೆಗೆ ಸಮ ಪಾಲು. ಮದುವೆಗೋ ಮನೆಗೋ ಹಸಿಮರ ಬೇಕಾದರೆ ಸಮಿತಿಗೆ ಹೇಳಿ ತರಬೇಕು. ಇಷ್ಟಕ್ಕೆ ಹನುಮಪ್ಪನ ಮುಂದೆ ಆಣೆ ಇಟ್ಟರು. ಮುಂದಿನ ಶುಕ್ರವಾರ ದರ್ಗಾದ ಮುಂದೆ ಅದೇ ಆಣೆಯನ್ನು ಮತ್ತೊಮ್ಮೆ ಇಟ್ಟರು. ಕಾವಲಿಗೆ ಕಾಸೀಮಬೀಯ ಗಂಡ ರಾಜಾಸಾಬನನ್ನು ಹಚ್ಚಿದರು. ಸುಗ್ಗಿಯಲ್ಲಿ ಮನೆಗೊಂದು ಬುಟ್ಟಿ ಜೋಳ ಅವನಿಗೆ.

ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಬಂಡೆಗಳ ಸಂದಿಯಲ್ಲಿ ಸತ್ತೇಹೋಗಿವೆ ಎಂದುಕೊಂಡಿದ್ದ ಬೇರುಗಳು ಚಿಗಿತವು. ದಿಂಡಲ ಬಂತು, ಕಮರ ಬಂತು, ಕವಳಿ ಬಂತು. ಸೀತಾಫಲವಂತೂ ಯಾರೂ ಹಚ್ಚದೆ ಗುಡ್ಡದ ತುಂಬ ಎದ್ದಿತು. ಹಣ್ಣಿನ ಹಿಂದೆ ಕರಡಿಯೂ ಬಂತು.

ಆರನೆಯ ವರ್ಷ, ಸೀತಾಫಲ ಕಣ್ಣು ಬಿಡುವ ಕಾಲಕ್ಕೆ, ಬೆಳಿಗ್ಗೆ ಗುಡ್ಡ ಹತ್ತಿದ ರಾಜಾಸಾಬನಿಗೆ ಮರಿ ಇದ್ದ ಕರಡಿ ಎದುರಾಯಿತು. ಗಂಗಾವತಿಯ ದವಾಖಾನೆಯಲ್ಲಿ ಒಂಬತ್ತು ದಿನ ಇದ್ದು ಸತ್ತ. ಮುಖ ನೋಡುವ ಹಾಗಿರಲಿಲ್ಲ. ಕಾಸೀಮಬೀ ಅವನ ಪಾದ ನೋಡಿ ಗುರುತು ಹಿಡಿದು ಅತ್ತಳು.

ಮಣ್ಣಾದ ಐದನೆಯ ದಿನ ಈಶಪ್ಪ ಅವಳ ಮನೆಯ ಮುಂದೆ ಬಂದು ನಿಂತ. ಅವಳು ಗಂಡ ಸತ್ತವರು ಹೊರಗೆ ಬಾರದೆ ಕಳೆಯುವ ಇದ್ದತ್ತಿನಲ್ಲಿ ಕೂತಿದ್ದರಿಂದ ಒಳಗೆ ಬರಲಿಲ್ಲ, ಬಾಗಿಲಿಗೆ ಇಳಿಬಿಟ್ಟ ಪರದೆಯ ಆಚೆಯಿಂದಲೇ ಕೇಳಿದ.

“ತಂಗಿ, ಊರ ಮಂದಿ ಸಿಟ್ಟಿಗೆದ್ದಾರ. ಗುಡ್ಡಕ್ಕ ಬೆಂಕಿ ಹಚ್ಚಿ ಗವಿಯಾಗಿನ ಕರಡಿ ಹೊರಗ ಹಾಕ್ತೀವಿ ಅಂತಾರ. ನೀ ಏನಂತಿ? ನೀ ಹೂಂ ಅಂದ್ರ ನಾ ಅಡ್ಡ ಬರಂಗಿಲ್ಲ.”



“ಅದರ ಮನಿಗೆ ನಮ್ಮವರು ಹೋಗಿದ್ರು. ಅದೇನು ನಮ್ಮ ಮನಿಗೆ ಬಂದಿದ್ದಿಲ್ಲಲ್ರಿ ಅಣ್ಣಾ,” ಎಂದಳು ಕಾಸೀಮಬೀ. “ಆರು ವರ್ಷ ಅವರು ಬೆಳಸಿದ್ದನ್ನ ಅವರ ಹೆಸರಿಲೆ ಸುಡಬ್ಯಾಡ್ರಿ.”

ಗುಡ್ಡ ಉಳಿಯಿತು. ನಾಲ್ಕು ತಿಂಗಳು ಹತ್ತು ದಿನ ಮುಗಿಸಿ ಹೊಸ್ತಿಲು ದಾಟಿದ ಕಾಸೀಮಬೀ ನೆಟ್ಟಗೆ ಈಶಪ್ಪನ ಮನೆಗೆ ಹೋಗಿ, ಕಾವಲು ತನಗೆ ಕೊಡಬೇಕೆಂದು ಕೇಳಿದಳು. ಧೈರ್ಯವಂತೆಯೆಂದು ಕೇಳಿದ್ದಲ್ಲ. ಮನೆಯಲ್ಲಿ ಮಗಳು ನಾಹೀದಾ ಸಣ್ಣವಳಿದ್ದಳು, ಬುಟ್ಟಿ ಜೋಳ ಬೇಕಿತ್ತು. ಹೆಂಗಸಿಗೆ ಆಗುವ ಕೆಲಸವಲ್ಲ ಎಂದವರಿಗೆ ಈಶಪ್ಪ, “ಒಂದು ವರ್ಷ ನೋಡೂಣು, ಆಗಲಿಲ್ಲಂದ್ರ ಬ್ಯಾರೆ ವಿಚಾರ” ಎಂದ.

ಮೊದಲ ದಿನ ಗುಡ್ಡದ ಬುಡದಲ್ಲಿ ಕಾಲು ಏಳಲಿಲ್ಲ.  ಹಿಂದಿನಿಂದ ಯಾರೋ ತಾಟು ಬಡಿಯುತ್ತ ಬಂದರು. ತಿರುಗಿ ನೋಡಿದರೆ ಕರಿಯವ್ವ. ಆಡುಗಳನ್ನು ಮಗಳು ದಾನೇಶ್ವರಿಗೆ ಒಪ್ಪಿಸಿ ಬಂದಿದ್ದಳು.

“ನಡಿಯಬೇ ಮುಂದ. ಸಪ್ಪಳ ಮಾಡ್ಕೋತ ಹೋದ್ರ ಕರಡಿ ತಾನ ದಾರಿ ಬಿಡ್ತೈತಿ. ಸುಮ್ಮ ನಿಂತಿ ಅಂದ್ರ ನಾನ ಹೊಡೀತೀನಿ ನಿನ್ನ.”

ಎರಡು ತಿಂಗಳು ದಿನಾಲೂ ಹಾಗೆ ಬಂದಳು. ಗೆಳತಿಯ ಅಂಜಿಕೆ ಹೋಯಿತು ಅನ್ನಿಸಿದ ದಿನ ಏನೂ ಹೇಳದೆ ಬರುವುದನ್ನು ಬಿಟ್ಟು ಆಡಿನ ಹಿಂದೆ ಹೋದಳು.

ವರ್ಷ ಕಳೆದಂತೆ ಕಾಸೀಮಬೀಗೆ ಗುಡ್ಡದ ಒಂದೊಂದು ಮರವೂ ಗೊತ್ತಾಯಿತು. ಯಾವ ಕಮರ ಯಾವ ಬಂಡೆಗೆ ಒರಗಿದೆ, ಯಾವ ಸೀತಾಫಲ ಮೊದಲು ಹಣ್ಣಾಗುತ್ತದೆ, ಎಲ್ಲ. “ಕಾಸೀಮಬೀಗೆ ಕೊಡಲಿ ವಾಸನಿ ಬರ್ತೈತಿ ನೋಡ್ರಿ” ಎಂದು ಜನ ನಗುತ್ತಿದ್ದರು. ಸುತ್ತಲಿನ ಊರಿನವರು ಬಂದು ನೋಡಿ ಹೋಗುತ್ತಿದ್ದರು. ಬಂದವರೆಲ್ಲ ಅವಳನ್ನು ಬಂಡೆಯ ಮುಂದೆ ನಿಲ್ಲಿಸಿ ಫೋಟೊ ಹೊಡೆದುಕೊಳ್ಳುತ್ತಿದ್ದರು. ನೆಟ್ಟಗಿನ ಹೆಂಗಸು, ಯಾರ ಮುಲಾಜಿಗೂ ಬೀಳದವಳು ಎನ್ನುವ ಮಾತು ಅವಳ ಕಿವಿಗೂ ಬಿತ್ತು. ಅದು ಅವಳಿಗೆ ಹಿತವಾಯಿತು. ಗಂಡ ಸತ್ತ ಮೇಲೆ ಅವಳಿಗೆಂದೇ ಊರು ಕೊಟ್ಟ ಒಂದೇ ಒಂದು ಒಳ್ಳೆಯ ಮಾತು ಅದು.

ಆರು ವರ್ಷದ ಮೇಲೆ ಈಶಪ್ಪನ ತಮ್ಮ ಕೊಟ್ರೇಶ ದನದ ಕೊಟ್ಟಿಗೆಯ ತೊಲೆಗೆಂದು ಹೇಳದೆ ಕೇಳದೆ ಒಂದು ದೊಡ್ಡ ಕಮರ ಕಡಿಸಿದ. ಕಾಸೀಮಬೀ ಹಿಡಿದಳು. ಈಶಪ್ಪ ಸ್ವಂತ ತಮ್ಮನೆಂದು ನೋಡದೆ ಮರವನ್ನು ಸಮಿತಿಗೆ ಕಿತ್ತುಕೊಂಡು, ಕಟ್ಟೆಯ ಮೇಲೆ ಜನರ ಮುಂದೆ ತಪ್ಪಾಯಿತು ಎಂದು ಹೇಳಿಸಿದ. ಕೊಟ್ರೇಶ ಅದನ್ನು ಮರೆಯಲಿಲ್ಲ.

ಮುಂದಿನ ಬೇಸಿಗೆಗೆ ದಾನೇಶ್ವರಿಯ ಮದುವೆ ಗೊತ್ತಾಯಿತು. ಗುರುವಾರ ಅಕ್ಕಿಕಾಳಿನ ಮುಹೂರ್ತ. ಸೋಮವಾರ ಮಧ್ಯಾಹ್ನ ಕಾಸೀಮಬೀ ಗುಡ್ಡದ ಪಡುವಣ ಮಗ್ಗುಲಲ್ಲಿ ಆರು ದಿಂಡಲದ ಬುಡಗಳನ್ನು ಕಂಡಳು. ಕಡಿದ ಬಾಯಿ ಇನ್ನೂ ಹಸಿ ಇತ್ತು. ಎಳೆದುಕೊಂಡು ಹೋದ ಗೀರು ಹಿಡಿದು ಇಳಿದರೆ ಅದು ಕರಿಯವ್ವನ ಹಿತ್ತಲಿಗೆ ಮುಟ್ಟಿತ್ತು. ಅಂಗಳದಲ್ಲಿ ಹಂದರ ಎದ್ದಿತ್ತು. ಮೊದಲು ನೆಟ್ಟ ಹಂದರಗಂಬಕ್ಕೆ ಅರಿಶಿನ ಬಳಿದು, ಮಾವಿನೆಲೆ ಕಟ್ಟಿ ಪೂಜೆಯನ್ನೂ ಮಾಡಿದ್ದರು.

ಗುಡ್ಡದಿಂದ ಇಳಿಯುವ ದಾರಿ ಊರ ಹತ್ತಿರ ಎರಡಾಗುತ್ತದೆ. ಒಂದು ಕರಿಯವ್ವನ ಓಣಿಗೆ, ಇನ್ನೊಂದು ಈಶಪ್ಪನ ಮನೆಗೆ. ಕಾಸೀಮಬೀ ಅಲ್ಲಿ ನಿಂತಳು. ಈಗಲೇ ಕರಿಯವ್ವನ ಮನೆಗೆ ಹೋಗಿ, ಅಕ್ಕಾ, ಸಮಿತಿಗೊಂದು ಮಾತು ಹಾಕು, ನಾಳೆ ಬೆಳಗಾಗುವುದರೊಳಗೆ ಒಪ್ಪಿಗೆ ಆಗುತ್ತದೆ ಎನ್ನಬಹುದಿತ್ತು. ಮದುವೆಗೆ ಕಂಬ ಬೇಡವೆಂದು ಸಮಿತಿ ಯಾರಿಗೂ ಅಂದದ್ದಿಲ್ಲ. ಹಾಗೆ ಯೋಚಿಸುತ್ತಿರುವಾಗ ಕೊಟ್ರೇಶ ಮೋಟಾರುಸೈಕಲ್ಲಿನ ಮೇಲೆ ಬಂದು ನಿಲ್ಲಿಸಿದ.

“ಯಾಕ ಕಾಸೀಮಬೀ, ಮುಖ ಸಣ್ಣದಾಗೇತಿ? ದಿಂಡಲ ಕಡದಿದ್ದು ನಾನೂ ನೋಡೇನಿ. ಗೆಳತಿ ಮನಿ ಹಂದರಕ್ಕ ಯಾವ ಕಾನೂನು ಅಂತ ಊರೆಲ್ಲ ನೋಡಲಿ.”

 ಅವಳು ಈಶಪ್ಪನ ಮನೆಯ ದಾರಿ ಹಿಡಿದಳು.

ಬೈದು ಬಿಡುತ್ತಾರೆ ಎಂದುಕೊಂಡಿದ್ದಳು. ಈಶಪ್ಪನೂ ಅಷ್ಟಕ್ಕೇ ಮುಗಿಸಲು ನೋಡಿದ. ಆದರೆ ಕೊಟ್ರೇಶ ಸಮಿತಿಯ ನಾಲ್ಕು ಮಂದಿಯನ್ನು ಕರೆತಂದು, “ನನ್ನ ತೊಲಿ ಕಿತ್ಗೊಂಡ್ರಿ. ಈಗ ಬಡವರ ಮನಿ ಅಂತ ಬಿಟ್ರ ನಾಳಿಗೆ ಯಾರ ಮಾತೂ ನಡ್ಯಂಗಿಲ್ಲ” ಎಂದು ಹಟ ಹಿಡಿದ. ಮಾತು ಸುಳ್ಳೆನ್ನುವ ಹಾಗಿರಲಿಲ್ಲ. ಮಂಗಳವಾರ ಬೆಳಿಗ್ಗೆ, ಬೀಗರ ಕಡೆಯ ಮೂರು ಮಂದಿ ಜಗುಲಿಯ ಮೇಲೆ ಚಹಾ ಕುಡಿಯುತ್ತಿರುವಾಗಲೇ, ಆರೂ ಕಂಬ ಕಿತ್ತರು. ಅರಿಶಿನ ಬಳಿದ ಕಂಬವನ್ನೂ ಬಿಡಲಿಲ್ಲ. ಅದನ್ನು ಕೀಳುವಾಗ ಒಳಗಿದ್ದ ಮುದುಕಿಯೊಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು.

ಕರಿಯವ್ವ ಕಿತ್ತವರನ್ನು ಒಂದು ಮಾತೂ ಬೈಯಲಿಲ್ಲ. ಅಂಗಳದ ಅಂಚಿಗೆ ನಿಂತಿದ್ದ ಕಾಸೀಮಬೀಯನ್ನೇ ನೋಡಿದಳು.

“ಕಾವಲಿಗೆ ನೀನ ಇದ್ದೆಲ್ಲ. ಮತ್ಯಾರ್ನ ಕೇಳಬೇಕಿತ್ತಬೇ ನಾನು?” ಎಂದಳು.



ಕನಕಗಿರಿಯಿಂದ ಕಬ್ಬಿಣದ ಪೈಪು ತರಿಸಿ ಶಾಮಿಯಾನ ಹಾಕಿ ಮದುವೆ ಮಾಡಿದರು. ಹನ್ನೊಂದು ತಿಂಗಳ ಮೇಲೆ, ಗಂಗಾವತಿ ಕಡೆ ಭತ್ತದ ಸುಗ್ಗಿಗೆ ಹೋಗಿದ್ದ ದಾನೇಶ್ವರಿಯ ಗಂಡ ಟ್ರ್ಯಾಕ್ಟರು ಮಗುಚಿ ಸತ್ತ. ದಾನೇಶ್ವರಿ ತವರಿಗೆ ಬಂದಳು. ಕಂಬ ಕಿತ್ತ ದಿನವೇ ಇದು ನಿಶ್ಚಯವಾಗಿತ್ತು ಎಂದು ಓಣಿಯ ಹೆಂಗಸರು ಅಂದರು. ಕಾಸೀಮಬೀ ಮುಖ ತೋರಿಸಲು ಹೋದಾಗ ಕರಿಯವ್ವ ಬಾಗಿಲಲ್ಲೇ ಎದ್ದು ನಿಂತಳು.

“ಇಲ್ಲಿ ಅಳಾಕ ನಮ್ಮ ಮಂದಿ ಅದಾರ. ನೀ ಗುಡ್ಡಕ್ಕ ಹೋಗು.”

ಅಲ್ಲಿಂದ ಮುಂದೆ ಹನ್ನೊಂದು ವರ್ಷ ಇಬ್ಬರಿಗೂ ಮಾತಿಲ್ಲ. ನಳದ ಹತ್ತಿರ ಎದುರಾದರೆ ಕರಿಯವ್ವ ಕೊಡ ಹಿಂದಕ್ಕೆ ಸರಿಸಿ ಕಾಯುತ್ತಿದ್ದಳು, ಕಾಸೀಮಬೀ ತುಂಬಿಕೊಂಡು ಹೋದ ಮೇಲೆ ಮುಂದೆ ಬರುತ್ತಿದ್ದಳು. ಆಡು ಮಾರಿದಳು. ಒಲೆಗೆ ಹತ್ತಿಕಟ್ಟಿಗೆ, ಕುಳ್ಳು ಸುಟ್ಟಳೇ ಹೊರತು ಗುಡ್ಡದ ಒಂದು ಪುಳ್ಳೆ ತರಲಿಲ್ಲ. ದಸರೆಯ ಮೇಲೆ ಹುಲ್ಲಿನ ಪಾಲು ಹಾಕುವಾಗ ಕಾಸೀಮಬೀ ಅವಳ ಪಾಲನ್ನೂ ಬೇರೆ ತೆಗೆದಿಡುತ್ತಿದ್ದಳು. ಒಯ್ಯಲು ಯಾರೂ ಬರುತ್ತಿರಲಿಲ್ಲ. ಆ ಗುಪ್ಪೆ ಅಲ್ಲೇ ಗೆದ್ದಲು ಹಿಡಿದು ಕರಗುತ್ತಿತ್ತು. ಆದರೂ ಮರುವರ್ಷ ತೆಗೆದಿಡುವುದು ಬಿಡಲಿಲ್ಲ.

ಅಷ್ಟರಲ್ಲಿ ಊರೇ ಬೇರೆಯಾಯಿತು. ಮನೆಮನೆಗೆ ಗ್ಯಾಸಿನ ಸಿಲಿಂಡರು ಬಂತು, ಸೋಮವಾರದ ಹೊರೆಗೆ ಬರುವವರು ಕಡಿಮೆಯಾದರು. ದನ ಹೋಗಿ ಟ್ರ್ಯಾಕ್ಟರು ಬಂದ ಮೇಲೆ ಹುಲ್ಲೂ ಯಾರಿಗೂ ಬೇಡವಾಯಿತು. ಈಶಪ್ಪ ತೀರಿಕೊಂಡ. ಅವನ ಜಾಗಕ್ಕೆ ಬಂದವರು ಒಂದು ಸಭೆ ಕರೆದರು, ಎರಡನೆಯದು ಕರೆಯಲಿಲ್ಲ. ಜೋಳದ ಬುಟ್ಟಿ ಒಂದೊಂದೇ ಮನೆಯಿಂದ ನಿಂತಿತು. ಬೇಕೆಂದು ನಿಲ್ಲಿಸಿದವರಿಲ್ಲ, ಮರೆತವರೇ ಎಲ್ಲ. ಕೇಳಲು ಅವಳಿಗೆ ನಾಚಿಕೆ. ಗಂಗಾವತಿಗೆ ಕೊಟ್ಟಿದ್ದ ನಾಹೀದಾ ಬಂದಾಗಲೆಲ್ಲ, “ಯಾರ ಸಲುವಾಗಿ ಕಾಯಾಕತ್ತಿ ಅಮ್ಮಾ? ಗುಡ್ಡ ಬೇಕಂದವರು ಯಾರದಾರ ಹೇಳು” ಎನ್ನುತ್ತಿದ್ದಳು.  ಬೆಳಗಾದರೆ ಕಾಸೀಮಬೀ ಕೋಲು ಹಿಡಿದು ಹೋಗುತ್ತಿದ್ದಳು.

ಕಳೆದ ಯುಗಾದಿಗೆ ಎಂಟು ದಿನ ಇರುವಾಗ ಗುಡ್ಡಕ್ಕೆ ಬೆಂಕಿ ಬಿತ್ತು. ಯಾರೋ ಬದುವಿನ ಕಸ ಸುಟ್ಟದ್ದೋ, ಬೀಡಿಯ ಕಿಡಿಯೋ, ಇವತ್ತಿಗೂ ತಿಳಿದಿಲ್ಲ. ಕೊಯ್ಯದೆ ಬಿಟ್ಟ ನಾಲ್ಕೈದು ವರ್ಷದ ಹುಲ್ಲು ಎದೆಮಟ ನಿಂತಿತ್ತು. ಹಿಂದೆ ಹೊಗೆ ಎದ್ದರೆ ಹಲಿಗೆ ಬಾರಿಸುತ್ತಿದ್ದರು, ಊರಿಗೆ ಊರೇ ಹಸಿಟೊಂಗೆ ಹಿಡಿದು ಓಡಿಬರುತ್ತಿತ್ತು. ಆವತ್ತು ಮಟಮಟ ಮಧ್ಯಾಹ್ನ ಕಾಸೀಮಬೀ ಓಣಿ ಓಣಿ ಓಡಿ ಕೂಗಿದಳು. “ಬರ್ರೆಪೋ! ಗುಡ್ಡ ಹತ್ತೇತಿ, ಬರ್ರೋ!” ಜನ ಮಾಳಿಗೆ ಹತ್ತಿ ನೋಡಿದರು. ಕೆಲವರು ಮೊಬೈಲು ಎತ್ತಿ ಹಿಡಿದರು. ಬೆಂಕಿ ಆರಿಸುವ ಗಾಡಿಗೆ ಫೋನು ಮಾಡೇವಿ, ಬರ್ತೈತಿ ಎಂದರು. ಗಾಡಿ ಬಂತು, ಆದರೆ ಬಂಡೆ ಹತ್ತುವುದೆಲ್ಲಿಂದ? ಬುಡದಲ್ಲಿ ನಿಂತು ನೀರು ಬಿಟ್ಟಿತು. ಮೇಲೆ ಹೋದವರು ಎಂಟೇ ಮಂದಿ, ಎಲ್ಲರೂ ಅರವತ್ತರ ಆಸುಪಾಸಿನವರು.

ಕಾಸೀಮಬೀ ಟೊಂಗೆಯಿಂದ ಹೊಡೆಯುತ್ತ ಹೊಗೆಗೆ ಕಣ್ಣು ಕಾಣದೆ ಎಡವಿದಾಗ ಪಕ್ಕದಲ್ಲಿ ತೋಯಿಸಿದ ಗೋಣಿಚೀಲ ಬಡಿಯುವ ಸದ್ದು ಕೇಳಿತು. ಒಂಬತ್ತನೆಯವಳು ಕರಿಯವ್ವ. ಹನ್ನೆರಡು ವರ್ಷದ ಮೇಲೆ ಗುಡ್ಡ ಹತ್ತಿದ್ದಳು.  ಅವಳು ಒಂದು ಕಡೆ, ಇವಳು ಒಂದು ಕಡೆ, ಹೊತ್ತು ಮುಳುಗುವವರೆಗೂ ಬಡಿದರು. ಪಡುವಣ ಮಗ್ಗುಲು ಅಷ್ಟಿಷ್ಟು ಉಳಿಯಿತು. ಮಿಕ್ಕದ್ದೆಲ್ಲ ಸುಟ್ಟುಹೋಯಿತು. ಮರಿ ಬಿಟ್ಟು ಓಡಲಾರದೆ ಸುಟ್ಟ ಮೊಲವೊಂದು ದಾರಿಯಲ್ಲೇ ಬಿದ್ದಿತ್ತು.

ಉಳಿದವರು ಇಳಿದುಹೋದರು. ಇವರಿಬ್ಬರಿಗೂ ಇಳಿಯುವ ಶಕ್ತಿ ಇರಲಿಲ್ಲ. ಬಿಸಿ ಆರಿದ ಒಂದು ಬಂಡೆ ನೋಡಿ ಕೂತರು. ಕರಿಯವ್ವ ಕೆಮ್ಮುತ್ತಿದ್ದಳು. ಕಾಸೀಮಬೀ ಬಾಟಲಿಯ ತಳದಲ್ಲಿದ್ದ ನೀರು ಚಾಚಿದಳು. ಅವಳು ತೆಗೆದುಕೊಂಡು ಕುಡಿದಳು.

“ಕರಿಯಕ್ಕಾ,” ಎಂದಳು ಕಾಸೀಮಬೀ. “ಅವತ್ತ ನಾ ಮೊದಲ ನಿನ್ನ ಮನಿಗೆ ಬರಬೇಕಿತ್ತು.”

ಕರಿಯವ್ವ ಬಾಟಲಿಯ ಮುಚ್ಚಳ ತಿರುವಿ ಪಕ್ಕಕ್ಕಿಟ್ಟಳು.

“ದಾರಿ ಕೂಡೂ ಕಡೆ ನಿಂತಿದ್ದೆ. ಬರಾಕ ಮನಸ್ಸಿತ್ತು. ಬಂದ್ರ ಮಂದಿ ನನಗ ಏನಂತಾರೋ ಅಂತ... ನೆಟ್ಟಗಿನಾಕಿ ಅನ್ನಸ್ಕೊಳ್ಳೂ ಆಸೆಗೆ ಬಿದ್ದೆ. ಕಾಯ್ದೆ ಅಲ್ಲದು ಅಕ್ಕಾ, ನನ್ನ ಸೊಕ್ಕು.”

“ಗೊತ್ತೈತಿ ನನಗ,” ಎಂದಳು ಕರಿಯವ್ವ. “ಕಂಬ ಕಿತ್ತಿದ್ದಕ್ಕ ಅಳಿಯ ಸತ್ತ ಅಂತ ಮಂದಿ ಅಂದ್ರು, ನಾ ಅನ್ನಲಿಲ್ಲ. ಟ್ರ್ಯಾಕ್ಟರಿಗೆ ಕಂಬದ ಸುದ್ದಿ ಏನು ಗೊತ್ತು? ನೀ ನನ್ನ ಮನಿ ದಾಟಿ ಹೋದಿ ನೋಡು, ಅದು. ಅದು ಇನ್ನೂ ಐತಿ ಇಲ್ಲೆ.” ಎದೆಯ ಮೇಲೆ ಮುಷ್ಟಿ ಇಟ್ಟು ತೋರಿಸಿದಳು.

“ಮರತುಬಿಡು ಅನ್ನಂಗಿಲ್ಲ ನಾ.”

“ಮರಿಯಂಗೂ ಇಲ್ಲ. ಏಳು, ಕತ್ತಲಾಗ್ತೈತಿ.”

ಕೈ ಹಿಡಿದು ಎಬ್ಬಿಸಿದವರು ಯಾರು ಎಂದು ಹೇಳುವುದು ಕಷ್ಟ. ಇಬ್ಬರೂ ಒಬ್ಬರ ಮೇಲೊಬ್ಬರು ಭಾರ ಹಾಕಿ ಎದ್ದರು.

ಆ ಹೊಗೆ ಕರಿಯವ್ವನ ಎದೆಯಿಂದ ಇಳಿಯಲಿಲ್ಲ. ಕೊಪ್ಪಳದ ದೊಡ್ಡ ದವಾಖಾನೆಗೆ ಎರಡು ಸಲ ಒಯ್ದು ತಂದರು. ಕಾಸೀಮಬೀ ದಿನಾಲೂ ಹೋಗಿ ಹಾಸಿಗೆಯ ಹತ್ತಿರ ಕೂರುತ್ತಿದ್ದಳು. ಕರಿಯವ್ವ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅವಳು ಕಾಸಿಕೊಟ್ಟ ಗಂಜಿ ಕುಡಿಯುತ್ತಿದ್ದಳು, ಬೆನ್ನು ತಿಕ್ಕಿಸಿಕೊಳ್ಳುತ್ತಿದ್ದಳು. ಹಳೆಯ ಹಾಗೆ ಒಂದು ಸಲವಾದರೂ ಬೈದಾಳೇ ಎಂದು ಕಾಸೀಮಬೀ ಕಾಯುತ್ತಿದ್ದಳು. ಬೈಯಲಿಲ್ಲ. ಮರ್ಯಾದೆಯಿಂದಲೇ ನಡೆದುಕೊಂಡಳು. ಅದಕ್ಕಿಂತ ದೊಡ್ಡ ಶಿಕ್ಷೆ ಕಾಸೀಮಬೀ ಕಂಡಿರಲಿಲ್ಲ.

ಆಷಾಢದಲ್ಲಿ ಕರಿಯವ್ವ ತೀರಿದಳು. ಮಣ್ಣು ಕೊಡುವಾಗ ದೂರ ನಿಂತಿದ್ದ ಕಾಸೀಮಬೀಯನ್ನು ದಾನೇಶ್ವರಿ ಕರೆದಳು. “ಬಾ ಚಿಗವ್ವಾ. ಹೋಗೂಮುಂದ ನಿನ್ನ ಹೆಸರು ತಗದಿದ್ಲು.” ಏನಂದಳು ಎಂದು ಕೇಳಲು ಕಾಸೀಮಬೀಗೆ ಧೈರ್ಯ ಬರಲಿಲ್ಲ. ಮೂರು ಹಿಡಿ ಮಣ್ಣು ಹಾಕಿದಳು.

ಮರುದಿನದಿಂದ ಅವಳು ಗುಡ್ಡಕ್ಕೆ ಹೋಗಲಿಲ್ಲ. ಊರಿನಲ್ಲಿ ಅದನ್ನು ಗಮನಿಸಿದವರೂ ಕಡಿಮೆ. ಅರಣ್ಯದವರು ಬುಡಕ್ಕೊಂದು ಹೊಸ ಬೋರ್ಡು ನೆಟ್ಟು ಹೋದರು. ಗುಡ್ಡ ಇನ್ನು ಅವರದೇ.

ಮಳೆ ಬಂತು. ಸುಟ್ಟ ನೆಲವೆಂದು ಹುಲ್ಲು ಬರದೆ ಇರಲಿಲ್ಲ, ಮೊದಲಿಗಿಂತ ಒತ್ತಾಗಿ ಎದ್ದಿತು. ಶ್ರಾವಣದ ಒಂದು ಬೆಳಿಗ್ಗೆ ಬೇರೆ ಊರಿನ ಕುರಿಯವರು ಇನ್ನೂರು ಮುನ್ನೂರು ಕುರಿ ಹೊಡೆದುಕೊಂಡು ಬಂದು ನೆಟ್ಟಗೆ ಗುಡ್ಡಕ್ಕೆ ಬಿಟ್ಟರು. ಅಂಗಳದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ಕಾಸೀಮಬೀಗೆ ಎಲ್ಲ ಕಾಣುತ್ತಿತ್ತು. ಅಂಗಡಿಗೆ ಹೊರಟ ದಾನೇಶ್ವರಿ ನಿಂತಳು.

“ಚಿಗವ್ವಾ, ಎಳೇ ಚಿಗುರು ಅದು. ಒಂದು ಕೂಗರ ಹಾಕು.”

ಕಾಸೀಮಬೀ ಮೊರದಿಂದ ಕಣ್ಣೆತ್ತಿ ಗುಡ್ಡದ ಕಡೆ ಒಂದು ಗಳಿಗೆ ನೋಡಿದಳು.

“ಮೇಯಲಿ ಬಿಡವ್ವಾ,” ಎಂದಳು. “ಅವೂ ಹಸದಾವ.”

ಮತ್ತೆ ಅಕ್ಕಿಯೊಳಗಿನ ಕಲ್ಲು ಹುಡುಕತೊಡಗಿದಳು.